ಹಿಂದಿ ಚಿತ್ರದ ನಾಯಕ ಮತ್ತು ನಮ್ಮ ಬೀದಿಯ ಹುಡುಗಿ

(ಗಿರಣಿ ಕೆಲಸಗಾರರೂ ಪೇಟೆಯ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ. ವಾಚಕರ ಅಪೇಕ್ಷೆಯ ಮೇರೆಗೆ ಇಲ್ಲಿ ಪೂರ್ತಿಯಾಗಿ ಕೊಟ್ಟಿದೆ.)



ಈ ವಾರದ ಭಾಷಣಕ್ಕೆ ವಿಷಯ ಗೊತ್ತುಮಾಡಿದಾಗ ನಮ್ಮ ಹಿರಿಯ ಮಿತ್ರರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. “ಮೇಷ್ಟ್ರೆ, ತುಟ್ಟಿಭತ್ಯದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಪೇಟೆಯಲ್ಲಿ ಅಂಗಡಿ ಬಾಡಿಗೆ ಏರುತ್ತಾ ಇದೆ. ಇಂಥ ಹೊತ್ತಿನಲ್ಲಿ ಸಿನಿಮಾ ಪುರಾಣ ಯಾರಿಗೆ ಬೇಕು?” ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಅವರಿಗೆ ಒಂದು ಮಾತು ಹೇಳಿದೆ: ನಾನು ಹೇಳಹೊರಟಿರುವುದೂ ಕೂಲಿಯ ಮಾತೇ. ಹೇಗೆ ಎಂಬುದನ್ನು ನೀವು ಕೊನೆಯವರೆಗೆ ಕೇಳಿ ತೀರ್ಮಾನಿಸಬೇಕು.

ನಾನು ಮೆಟ್ರಿಕ್ಕಿನ ಮೇಲೆ ಓದಿದವನಲ್ಲ. ದೊಡ್ಡ ಪಂಡಿತರಂತೆ ಚಿತ್ರಕಲೆಯ ವಿಮರ್ಶೆ ಮಾಡಲು ನನ್ನಿಂದಾಗದು. ಪಕ್ಷದ ಕೆಲಸಕ್ಕೆ ಬರುವ ಮುಂಚೆ ಕೆಲವು ವರುಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದೆ. ನಿಮ್ಮ ಹಾಗೆ ಬೆಂಚಿನ ಮೇಲೆ ಕೂತು ಶಿಳ್ಳೆ ಹಾಕಿ ಹಿಂದಿ ಚಿತ್ರ ನೋಡಿ ಬೆಳೆದೆ. ಆ ಎರಡು ಅನುಭವಗಳಿಂದಲೇ ನಾಲ್ಕು ಮಾತು ಹೇಳುತ್ತೇನೆ.

ಮೊದಲು ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಇಡುತ್ತೇನೆ. ಇದು 2014ರ ಮಾತು. ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿದ್ದ ಒಬ್ಬ ಹುಡುಗಿ ಆಗ ಹೈಸ್ಕೂಲಿನ ಹತ್ತನೆಯ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು. ತಂದೆ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ. ಅವಳು ಶಾಲೆಗೆ ನಡೆದುಹೋಗುವ ದಾರಿಯಲ್ಲಿ ಒಬ್ಬ ತರುಣ ದಿನವೂ ಕಾದಿರತೊಡಗಿದ. ಮೊದಲು ಚಹಾ ಅಂಗಡಿಯ ಮುಂದೆ ನಿಂತು ಮೊಬೈಲಿನಲ್ಲಿ ಹಾಡು ಹಾಕುತ್ತಿದ್ದ. ಆಮೇಲೆ ಶಾಲೆಯ ಗೇಟಿನವರೆಗೆ ಬೈಕಿನಲ್ಲಿ ಹಿಂದೆಯೇ ಬರತೊಡಗಿದ. ಅವಳು ನಿಂತು, ಮುಖಕ್ಕೆ ಮುಖ ಕೊಟ್ಟು, ಎರಡು ಸಲ “ಬೇಡ” ಎಂದಳು. ಮೂರನೆಯ ವಾರ ಅವನು ಬ್ಲೇಡಿನಿಂದ ತೋಳಿನ ಮೇಲೆ ಅವಳ ಹೆಸರು ಕೊರೆದುಕೊಂಡು ಬಂದು ತೋರಿಸಿದ.

ತಂದೆ ಗಾಬರಿಯಾಗಿ ನನ್ನ ಬಳಿ ಬಂದರು. ನಾನು ಆ ತರುಣನನ್ನು ಕರೆದು ಮಾತಾಡಿಸಿದೆ. ಅವನು ಪುಂಡನಲ್ಲ. ತಾಯಿಯ ತರಕಾರಿ ಗಾಡಿ ನೂಕುತ್ತಿದ್ದ ಹುಡುಗ. ನನ್ನೆದುರು ಕೈಕಟ್ಟಿಕೊಂಡೇ ನಿಂತ. ಆದರೆ ಅವನು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಮೊದಲು ಎಲ್ಲ ಹುಡುಗಿಯರೂ ಹಾಗೇ ಅನ್ನುತ್ತಾರೆ ಮೇಷ್ಟ್ರೆ, ಆಮೇಲೆ ಒಪ್ಪುತ್ತಾರೆ. ಯಾವ ಪಿಕ್ಚರ್ ಬೇಕಾದರೂ ನೋಡಿ.”

ಅವನಿಗೆ ಏನು ಉತ್ತರ ಕೊಡಬೇಕೆಂದು ನನಗೆ ತಿಳಿಯಲಿಲ್ಲ. ಗದರಿ ಕಳಿಸಿದೆ. ಅವನು ಬಿಡಲಿಲ್ಲ. ಕೊನೆಗೆ ನಾನು ಆ ತಂದೆಗೆ ಹೇಳಿದ ಬುದ್ಧಿವಾದ ಇದು: “ಸ್ವಲ್ಪ ದಿನ ಹುಡುಗಿಯನ್ನು ಶಾಲೆಗೆ ಕಳಿಸಬೇಡಿ, ಎಲ್ಲ ತಣ್ಣಗಾಗಲಿ.” ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅವಳು ಪರೀಕ್ಷೆಗೆ ಕೂರಲಿಲ್ಲ. ಕೆಲವು ವರುಷ ಮನೆಯಲ್ಲಿದ್ದಳು, ಆಮೇಲೆ ಮದುವೆಯಾಯಿತು. ಈಗ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಜತೆಯಲ್ಲಿ ಸೇರಿದ, ಹತ್ತನೆಯ ತರಗತಿ ಪಾಸಾದ ಹೆಂಗಸರು ಲೆಕ್ಕ ಬರೆಯುವ ಮೇಜಿಗೆ ಹೋದರು. ಲೆಕ್ಕದಲ್ಲಿ ಅವರೆಲ್ಲರಿಗಿಂತ ಮುಂದಿದ್ದ ಇವಳ ಬಳಿ ಅಂಕಪಟ್ಟಿ ಇಲ್ಲ. ಆದ್ದರಿಂದ ದಾರ ಕತ್ತರಿಸುವ ಕೆಲಸದಲ್ಲಿಯೇ ಉಳಿದಳು. ಹಿಂಬಾಲಿಸಿದವನಿಗೆ ಒಂದು ದಿನದ ಸಂಪಾದನೆಯೂ ತಪ್ಪಲಿಲ್ಲ. ಅವಳಿಗೆ ಜೀವಮಾನದ ಸಂಬಳದಲ್ಲಿ ಕಡಿತವಾಯಿತು. ಅದಕ್ಕೇ ಇದು ಕೂಲಿಯ ಮಾತು ಎಂದೆ.

ಕಳೆದ ವರುಷ ಅವಳು ಸಿಕ್ಕಾಗ ನಾನು ಕ್ಷಮೆ ಕೇಳಿದೆ. ಹೆಸರು ಹೇಳದೆ ಈ ಕಥೆ ಹೇಳಲು ಅವಳೇ ಒಪ್ಪಿಗೆ ಕೊಟ್ಟಳು. “ಅವನನ್ನು ಮನೆಯಲ್ಲಿ ಕೂರಿಸುವ ಯೋಚನೆ ನಿಮಗೆ ಯಾಕೆ ಬರಲಿಲ್ಲ ಮೇಷ್ಟ್ರೆ?” ಎಂದು ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಆ ತರುಣ “ಯಾವ ಪಿಕ್ಚರ್ ಬೇಕಾದರೂ ನೋಡಿ” ಎಂದಿದ್ದನಲ್ಲ. ಸರಿ, ಈಗ ನೋಡೋಣ.

1990ರಲ್ಲಿ ‘ದಿಲ್’ ಎಂಬ ಚಿತ್ರ ಬಂತು. ಆಮೀರ್ ಖಾನ್, ಮಾಧುರಿ ದೀಕ್ಷಿತ್. ದೇಶವೆಲ್ಲ ಮುಗಿಬಿದ್ದು ನೋಡಿತು. ಅದರಲ್ಲಿ ಹುಡುಗಿ ಹುಡುಗನ ಮೇಲೆ ಮಾನಭಂಗದ ಸುಳ್ಳು ಆರೋಪ ಹೊರಿಸುತ್ತಾಳೆ. ಅವನು ಅವಳನ್ನು ಎಳೆದೊಯ್ದು, ತಾನು ಮನಸ್ಸು ಮಾಡಿದರೆ ಏನು ಮಾಡಬಲ್ಲೆ ಎಂಬುದನ್ನು ಬೆದರಿಸಿ ತೋರಿಸಿ, ಮಾಡದೆ ಬಿಡುತ್ತಾನೆ. ಅಷ್ಟಕ್ಕೇ ಹುಡುಗಿಗೆ ಪ್ರೀತಿ ಹುಟ್ಟಿಬಿಡುತ್ತದೆ! ಈ ಒಂದೇ ಕಥೆಯಲ್ಲಿ ಎರಡು ಪಾಠಗಳಿವೆ. ಹೆಣ್ಣು ದೂರು ಕೊಟ್ಟರೆ ಅದು ಸುಳ್ಳು, ಹೆದರಿಸಿದರೆ ಹೆಣ್ಣು ಒಲಿಯುತ್ತಾಳೆ. ಈ ಎರಡು ಪಾಠಗಳನ್ನೂ ನಮ್ಮ ಮನೆಗಳ ಗಂಡುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಟ್ಟು ಕಲಿತರು.

1993ರಲ್ಲಿ ಯಶ್ ಚೋಪ್ರಾ ಅವರ ‘ಡರ್’ ಬಂತು. ಶಾರುಖ್ ಖಾನರ ಪಾತ್ರ ಒಬ್ಬ ಹುಡುಗಿಯ ಬೆನ್ನು ಹತ್ತುತ್ತದೆ, ಫೋನು ಮಾಡಿ ಪೀಡಿಸುತ್ತದೆ, ಚಾಕುವಿನಿಂದ ತನ್ನ ಎದೆಯ ಮೇಲೆ ಅವಳ ಹೆಸರು ಕೊರೆದುಕೊಳ್ಳುತ್ತದೆ. ನನ್ನ ವಿದ್ಯಾರ್ಥಿನಿಯ ಮುಂದೆ ತೋಳು ತೋರಿಸಿದ ಹುಡುಗ ನೆನಪಾದನೆ? ಚಿತ್ರದ ಹೆಸರೇ ಭಯ. ಕಥೆಯ ಕೊನೆಗೆ ಪೀಡಕ ಸಾಯುತ್ತಾನೆ. ಆದ್ದರಿಂದ ಚಿತ್ರ ಅವನನ್ನು ಮೆಚ್ಚಿಕೊಂಡಿತು ಎಂದು ಹೇಳಿದರೆ ತಪ್ಪಾದೀತು. ಆದರೆ ನಾವು, ಬೆಂಚಿನ ಮೇಲೆ ಕೂತವರು, ಯಾರಿಗಾಗಿ ಮರುಗಿದೆವು? ಹೆದರಿ ನಡುಗಿದ ಹೆಣ್ಣಿಗಾಗಿಯೋ, ತೊದಲುತ್ತ ಅವಳ ಹೆಸರು ಹೇಳಿದ ಗಂಡಿಗಾಗಿಯೋ? ಇಂದಿಗೂ ಜನ ಅನುಕರಿಸಿ ನಗುವುದು ಆ ತೊದಲು ಮಾತನ್ನೇ. ಆ ಹುಡುಗಿಯ ಒಂದು ಮಾತಾದರೂ ಯಾರಿಗಾದರೂ ನೆನಪಿದೆಯೆ?

ಪ್ರಾಣ ಕೊಡುತ್ತೇನೆಂದು ಬೆದರಿಸುವುದು ಇನ್ನೊಂದು ವಿಧಾನ. ‘ಶೋಲೆ’ ಚಿತ್ರವನ್ನು ಇಲ್ಲಿ ನೋಡದವರು ಯಾರೂ ಇರಲಾರರು. 1975ರ ಚಿತ್ರ. ನಮ್ಮ ರಾಮನಗರದ ಬಂಡೆಗಳ ನಡುವೆ ಹಳ್ಳಿಯೊಂದನ್ನೇ ಕಟ್ಟಿ ತೆಗೆದದ್ದು. ಅದರ ಬಸಂತಿ ಜಟಕಾ ಹೊಡೆದು ದುಡಿದು ತಿನ್ನುವ ಹೆಣ್ಣು. ಅಂಥ ಹೆಣ್ಣನ್ನು ನಾಯಕಿಯಾಗಿ ತೋರಿಸಿದ್ದಕ್ಕೆ ಆ ಚಿತ್ರಕ್ಕೆ ಶಹಬಾಸ್ ಹೇಳಬೇಕು. ಆದರೆ ವೀರು ಕುಡಿದು ನೀರಿನ ಟ್ಯಾಂಕ್ ಹತ್ತಿ, ಮದುವೆಗೆ ಒಪ್ಪದಿದ್ದರೆ ಹಾರಿ ಸಾಯುತ್ತೇನೆ ಎಂದು ಕೂಗುತ್ತಾನೆ. ಊರಿನವರೆಲ್ಲ ಸೇರಿ ಅವಳ ಚಿಕ್ಕಮ್ಮನನ್ನು ಒಪ್ಪಿಸುತ್ತಾರೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಸಂತಿಗೂ ಅವನ ಮೇಲೆ ಮನಸ್ಸಿತ್ತು, ನಿಜ. ಆದರೆ ಮನಸ್ಸಿಲ್ಲದ ಹುಡುಗಿಯ ಮನೆಯ ಮುಂದೆ ವಿಷದ ಬಾಟಲಿ ಹಿಡಿದು ನಿಂತವನನ್ನು ನೋಡಿದಾಗ ಯಾರಿಗೂ ನಗು ಬರುವುದಿಲ್ಲ. ಆಗಲೂ ಊರು ಒತ್ತಾಯ ಮಾಡುವುದು ಹುಡುಗಿಯನ್ನೇ. 2013ರ ‘ರಾಂಝಣಾ’ ಚಿತ್ರದಲ್ಲಿ ಕಾಶಿಯ ಹುಡುಗ ಮುಂಗೈ ಕೊಯ್ದುಕೊಳ್ಳುತ್ತಾನೆ. ಅಲ್ಲಿ ನಗುವೂ ಇಲ್ಲ, ಅದೇ ಪರಮ ಪ್ರೇಮ.

ಇನ್ನು ಹೊಡೆತ. 2019ರಲ್ಲಿ ‘ಕಬೀರ್ ಸಿಂಗ್’ ಬಂತು. ತೆಲುಗಿನ ‘ಅರ್ಜುನ್ ರೆಡ್ಡಿ’ಯನ್ನೇ ಹಿಂದಿಯಲ್ಲಿ ತೆಗೆದದ್ದು, ನಿರ್ದೇಶಕರೂ ಅವರೇ. ನಾಯಕ ಶಸ್ತ್ರಚಿಕಿತ್ಸೆ ಮಾಡುವ ವೈದ್ಯ. ಕಾಲೇಜಿಗೆ ಹೊಸದಾಗಿ ಬಂದ ಹುಡುಗಿಯನ್ನು ನೋಡುತ್ತಾನೆ. ತರಗತಿಗೆ ಹೋಗಿ, ಇವಳು ನನ್ನವಳು, ಬೇರೆ ಯಾರೂ ಇವಳ ಕಡೆ ನೋಡಕೂಡದು ಎಂದು ಸಾರುತ್ತಾನೆ. ಅವಳನ್ನು ಒಂದು ಮಾತೂ ಕೇಳಿಲ್ಲ. ಮುಂದೆ ಅವಳ ಕೆನ್ನೆಗೆ ಹೊಡೆಯುತ್ತಾನೆ. ಬೇರೊಬ್ಬ ಹೆಂಗಸಿಗೆ ಚಾಕು ತೋರಿಸಿ ಬಟ್ಟೆ ಬಿಚ್ಚೆನ್ನುತ್ತಾನೆ. ಮನೆಗೆಲಸದ ಹೆಂಗಸು ಗಾಜಿನ ಲೋಟ ಒಡೆದಳೆಂದು ರಸ್ತೆಯವರೆಗೆ ಅಟ್ಟಿಸಿಕೊಂಡು ಹೋಗುತ್ತಾನೆ. ಚಿತ್ರಮಂದಿರದಲ್ಲಿ ಈ ಓಟಕ್ಕೆ ನಗು. ಮಿತ್ರರೆ, ನಮ್ಮ ಮನೆಗಳ ಎಷ್ಟು ಹೆಂಗಸರು ಬೇರೆಯವರ ಮನೆಯ ಪಾತ್ರೆ ತೊಳೆಯಲು ಹೋಗುತ್ತಾರೆ? ಆ ಓಡಿದವಳು ನಮ್ಮವಳು. ನಾವು ನಕ್ಕದ್ದು ನಮ್ಮ ಅಕ್ಕನನ್ನು ನೋಡಿ.

ಆ ಚಿತ್ರ ಮುನ್ನೂರು ಕೋಟಿ ರೂಪಾಯಿಗೂ ಮೇಲೆ ವಸೂಲು ಮಾಡಿತು. ಟೀಕೆ ಬಂದಾಗ ನಿರ್ದೇಶಕ ಸಂದೀಪ್ ರೆಡ್ಡಿ ವಂಗಾ ಅವರು ಸಂದರ್ಶನವೊಂದರಲ್ಲಿ, ಪ್ರೀತಿಸುವವರ ನಡುವೆ ಕೆನ್ನೆಗೆ ಹೊಡೆಯುವಷ್ಟು ಸಲುಗೆ ಇಲ್ಲದಿದ್ದರೆ ಅಲ್ಲಿ ಭಾವನೆಯೇ ತಮಗೆ ಕಾಣುವುದಿಲ್ಲ ಎಂಬರ್ಥದ ಮಾತಾಡಿದರು. 2023ರಲ್ಲಿ ಅವರದೇ ‘ಅನಿಮಲ್’ ಬಂತು. ನಾಯಕಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ. ಅದರಲ್ಲಿ ನಾಯಕ ಇನ್ನೊಬ್ಬ ಹೆಣ್ಣಿಗೆ, ಪ್ರೀತಿ ನಿಜವಾದರೆ ನನ್ನ ಬೂಟು ನೆಕ್ಕು ಎನ್ನುತ್ತಾನೆ. ಅದು ಎಂಟುನೂರು ಕೋಟಿಯನ್ನೂ ದಾಟಿತು.

ನಿಮ್ಮ ಅನುಭವದಿಂದಲೇ ಇದನ್ನು ತೂಗಿ ನೋಡಿ. ಗಿರಣಿಯಲ್ಲಿ ಮೇಸ್ತ್ರಿ ನಿಮ್ಮ ಕೆನ್ನೆಗೆ ಹೊಡೆದು, “ನಿನ್ನ ಮೇಲಿನ ಅಭಿಮಾನದಿಂದ ಹೊಡೆದೆ, ಇಲ್ಲದಿದ್ದರೆ ಹೊಡೆಯುತ್ತಿದ್ದೆನೆ?” ಎಂದರೆ ನೀವು ಒಪ್ಪುತ್ತೀರಾ? ಯಂತ್ರ ನಿಲ್ಲಿಸಿ ಗೇಟಿಗೆ ಬರುತ್ತೀರಿ. ಹಾಗೆ ಬರುವುದೇ ಸರಿ. ಕೆಲಸಗಾರನ ಕೈಯಲ್ಲಿರುವ ದೊಡ್ಡ ಆಸ್ತಿ ಯಾವುದು? “ಒಲ್ಲೆ” ಎನ್ನುವ ಮಾತು. ಈ ಕೂಲಿಗೆ ಒಲ್ಲೆ, ಈ ಪಾಳಿಗೆ ಒಲ್ಲೆ. ಮುಷ್ಕರವೆಂದರೆ ಸಾವಿರ ಜನ ಒಟ್ಟಿಗೆ ಹೇಳುವ ಒಲ್ಲೆ. ಮಾಲೀಕ ಹೊರಬಂದು, “ಇವರು ಬಾಯಲ್ಲಿ ಒಲ್ಲೆ ಎನ್ನುತ್ತಾರೆ, ಮನಸ್ಸಿನಲ್ಲಿ ಒಪ್ಪಿದ್ದಾರೆ, ಇನ್ನಷ್ಟು ಒತ್ತಿದರೆ ಸರಿಹೋಗುತ್ತಾರೆ” ಎಂದರೆ ನಾವು ಅವನನ್ನು ದಬ್ಬಾಳಿಕೆಯವನು ಎನ್ನುತ್ತೇವೆ. ಒಲ್ಲೆ ಎಂಬ ಮಾತಿಗೆ ಬೆಲೆಯಿಲ್ಲದವನನ್ನು ನಮ್ಮ ಹಿರಿಯರು ಜೀತದಾಳು ಎಂದು ಕರೆದರು. ಹಾಗಾದರೆ ಬೀದಿಯಲ್ಲಿ ಹುಡುಗಿ “ಒಲ್ಲೆ” ಎಂದಾಗ ಅದನ್ನು “ಹೂಂ” ಎಂದು ತಿಳಿಯುವ ನಮ್ಮ ಮಗ ಯಾರ ಪಕ್ಷದಲ್ಲಿ ನಿಂತಿದ್ದಾನೆ? ನಮ್ಮದೋ, ಮಾಲೀಕನದೋ?

ಇಲ್ಲಿ ಕೂತಿರುವ ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಉದಾಹರಣೆ ಹೇಳುತ್ತೇನೆ. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’. ಆದಿತ್ಯ ಚೋಪ್ರಾ ಅವರ ಮೊದಲ ಚಿತ್ರ. ಮುಂಬಯಿ ಸೆಂಟ್ರಲ್ ನಿಲ್ದಾಣದ ಹತ್ತಿರದ ಮರಾಠಾ ಮಂದಿರದಲ್ಲಿ 2014ರ ಡಿಸೆಂಬರಿಗೆ ಅದು ಸಾವಿರ ವಾರ ಪೂರೈಸಿತು. ನನಗೂ ಬಹಳ ಇಷ್ಟವಾಗಿದ್ದ ಚಿತ್ರ. ಇದರಲ್ಲಿ ಹೊಡೆತವಿಲ್ಲ, ಚಾಕುವಿಲ್ಲ. ನಾಯಕ ಸಂಭಾವಿತ. ಹುಡುಗಿಯ ತಾಯಿಯೇ ಒಡವೆ ಕೊಟ್ಟು, ಇವಳನ್ನು ಕರೆದುಕೊಂಡು ಓಡಿಹೋಗಿ ಎಂದರೂ ಅವನು ಒಪ್ಪುವುದಿಲ್ಲ. ತಂದೆಯ ಕೈಯಿಂದಲೇ ಪಡೆಯುತ್ತೇನೆ ಎಂಬ ಹಟ. ಕೊನೆಗೆ ರೈಲು ಹೊರಟಿದೆ, ತಂದೆ ಮಗಳ ಕೈ ಹಿಡಿದು ನಿಂತಿದ್ದಾನೆ. ಅವನು ಕೈ ಬಿಟ್ಟ ಮೇಲೆ ಹುಡುಗಿ ಓಡುತ್ತಾಳೆ. ನಮ್ಮೆಲ್ಲರ ಕಣ್ಣಲ್ಲೂ ನೀರು.

ಕಣ್ಣೊರೆಸಿಕೊಂಡು ಒಂದು ಸಲ ಯೋಚಿಸಿ. ಮನೆ ಮಾರುವಾಗ ಕ್ರಯಪತ್ರಕ್ಕೆ ಯಾರು ಯಾರು ರುಜು ಹಾಕುತ್ತಾರೆ? ಕೊಡುವವನು, ಕೊಳ್ಳುವವನು. ಮನೆಯನ್ನು ಯಾರೂ ಕೇಳುವುದಿಲ್ಲ. ಆ ಹುಡುಗಿಗೆ ಪ್ರಾಯ ಬಂದಿದೆ, ಅವಳು ಯಾರನ್ನು ಮೆಚ್ಚಿದ್ದಾಳೆಂಬುದು ಮನೆಯಲ್ಲಿ ತಿಳಿದಿದೆ, ತಾಯಿಯ ಒಪ್ಪಿಗೆಯೂ ಇದೆ. ಇಷ್ಟಿದ್ದರೂ ಇಬ್ಬರು ಗಂಡಸರ ನಡುವೆ ಲೆಕ್ಕ ಚುಕ್ತಾ ಆಗುವವರೆಗೆ ಅವಳ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಅದೇ ಚಿತ್ರದಲ್ಲಿ ತಾಯಿ ಮಗಳಿಗೆ ತನ್ನ ಕಥೆ ಹೇಳುವ ಒಂದು ಸಂದರ್ಭವಿದೆ. ಸೋದರರು ಓದಬೇಕೆಂದು ತನ್ನ ಓದನ್ನು ನಿಲ್ಲಿಸಿದ್ದನ್ನು ಹೇಳಿ, ನಿನ್ನ ಸುಖವನ್ನೂ ಬಿಟ್ಟುಕೊಡು ಎಂದು ಕಣ್ಣೀರಿಟ್ಟು ಬೇಡುತ್ತಾಳೆ. ಹಾಡುಗಳ ಗದ್ದಲದಲ್ಲಿ ನಾವು ಮರೆತ ಆ ಎರಡು ನಿಮಿಷಗಳೇ ಆ ಚಿತ್ರದಲ್ಲಿ ಅತ್ಯಂತ ಸತ್ಯವಾದವು ಎಂದು ನನ್ನ ಎಣಿಕೆ. ಆ ಮಾತು ಕೇಳಿದಾಗಲೆಲ್ಲ ನನಗೆ ನನ್ನ ವಿದ್ಯಾರ್ಥಿನಿಯ ಮುಖ ಕಾಣುತ್ತದೆ.

ಹಿಂದಿ ಚಿತ್ರ ಮೊದಲಿನಿಂದಲೂ ಹೀಗೇ ಇತ್ತೆ? ಇಲ್ಲ ಎನ್ನುವುದೂ ಕಷ್ಟ, ಹೌದು ಎನ್ನುವುದೂ ಕಷ್ಟ. ಮೆಹಬೂಬ್ ಖಾನ್ ಅವರನ್ನೇ ತೆಗೆದುಕೊಳ್ಳಿ. 1949ರ ಅವರ ‘ಅಂದಾಜ್’ ಚಿತ್ರದಲ್ಲಿ ನರ್ಗಿಸ್ ಪಾತ್ರ ಒಬ್ಬ ಗಂಡಸಿನೊಡನೆ ಸ್ನೇಹದಿಂದ ನಗುನಗುತ್ತ ಮಾತಾಡಿತು. ಅವನು ಅದನ್ನು ಪ್ರೇಮವೆಂದು ತಿಳಿದ. ತಪ್ಪು ತಿಳಿದವನು ಅವನು, ಆದರೆ ಕೊನೆಗೆ ಸೆರೆಮನೆ ಸೇರಿ ಪಶ್ಚಾತ್ತಾಪ ಪಟ್ಟವಳು ಅವಳು. ಅದೇ ಮೆಹಬೂಬ್ ಖಾನರು ಅದೇ ನರ್ಗಿಸ್‌ರನ್ನು ಇಟ್ಟುಕೊಂಡು 1957ರಲ್ಲಿ ‘ಮದರ್ ಇಂಡಿಯಾ’ ತೆಗೆದರು. ಗಂಡ ಎರಡೂ ಕೈ ಕಳೆದುಕೊಂಡು ಮನೆ ಬಿಟ್ಟು ಹೋದ ಮೇಲೆ ನೊಗಕ್ಕೆ ಹೆಗಲು ಕೊಟ್ಟು ಉಳುವ ಹೆಂಗಸು. ಸಾಲ ಕೊಟ್ಟ ಸುಖೀಲಾಲ ಅವಳ ದೇಹವನ್ನು ಕೇಳುತ್ತಾನೆ, ಅವಳು ಒಲ್ಲೆ ಎನ್ನುತ್ತಾಳೆ. ಕೊನೆಗೆ ಅವಳ ಮುದ್ದಿನ ಮಗ ಬಿರ್ಜು ಅದೇ ಸಾಹುಕಾರನ ಮಗಳನ್ನು ಮದುವೆಯ ದಿನ ಹೊತ್ತೊಯ್ಯುವಾಗ, ತಾಯಿಯೇ ಬಂದೂಕು ಎತ್ತಿ ಮಗನಿಗೆ ಗುಂಡು ಹೊಡೆಯುತ್ತಾಳೆ. ಸಾಹುಕಾರನ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಅವನ ಮಗಳ ಮೇಲೆ ತೀರಿಸಿಕೊಳ್ಳಲು ಅವಳು ಬಿಡಲಿಲ್ಲ. ಅಲ್ಲಿಯೂ ಊರಿನ ಮಾನದ ಮಾತೇ ಬರುತ್ತದೆ, ಹುಡುಗಿಯ ಇಷ್ಟದ ಮಾತು ಬರುವುದಿಲ್ಲ. ಆದರೂ ಹೊತ್ತೊಯ್ಯುವುದು ಅಪರಾಧ ಎಂಬುದರಲ್ಲಿ ಸಂಶಯವಿರಲಿಲ್ಲ.

ಸರಿಯಾಗಿ 60 ವರುಷಗಳ ಮೇಲೆ, 2017ರಲ್ಲಿ, ‘ಬದರಿನಾಥ್ ಕಿ ದುಲ್ಹನಿಯಾ’ ಎಂಬ ಚಿತ್ರ ಬಂತು. ಹುಡುಗಿ ಮದುವೆ ಬಿಟ್ಟು ವಿಮಾನದ ಕೆಲಸ ಕಲಿಯಲು ಸಿಂಗಾಪುರಕ್ಕೆ ಹೋಗಿದ್ದಾಳೆ. ನಾಯಕ ಅಲ್ಲಿಗೂ ಹೋಗಿ ಅವಳನ್ನು ಹಿಡಿದು ಕಾರಿನ ಡಿಕ್ಕಿಗೆ ತುಂಬುತ್ತಾನೆ. ಆ ಚಿತ್ರ ಮುಂದೆ ಅವಳ ಉದ್ಯೋಗವನ್ನು ಒಪ್ಪುತ್ತದೆ, ವರದಕ್ಷಿಣೆಯನ್ನು ಖಂಡಿಸುತ್ತದೆ. ಒಳ್ಳೆಯದೇ. ಆದರೆ ಡಿಕ್ಕಿಗೆ ತುಂಬಿದವನೇ ಕೊನೆಗೆ ವರ. 1957ರಲ್ಲಿ ಹೆಣ್ಣನ್ನು ಹೊತ್ತೊಯ್ದವನಿಗೆ ತಾಯಿಯ ಕೈಯ ಗುಂಡು, 2017ರಲ್ಲಿ ಹೆಣ್ಣನ್ನು ಹೊತ್ತೊಯ್ದವನಿಗೆ ಮದುವೆಯ ಹಾರ! ಇದನ್ನು ಪ್ರಗತಿ ಎನ್ನಬೇಕೆ?

ಈಗ ನಿಮ್ಮಲ್ಲಿ ಕೆಲವರು ಹೇಳಬಹುದು: “ಸಿನಿಮಾ ಎರಡೂವರೆ ಗಂಟೆಯ ಆಟ. ನೋಡಿ ಮರೆಯುತ್ತೇವೆ. ಹೊಡೆದಾಟದ ಚಿತ್ರ ನೋಡಿದವರೆಲ್ಲ ಕೊಲೆ ಮಾಡುತ್ತಾರೆಯೆ?” ಈ ಆಕ್ಷೇಪಣೆಯಲ್ಲಿ ಹುರುಳಿದೆ. ಚಿತ್ರ ನೋಡಿದವರೆಲ್ಲ ಕೆಡುತ್ತಾರೆಂದು ನಾನು ಹೇಳಲಾರೆ. ಹಿಂದಿ ಚಿತ್ರ ಹುಟ್ಟುವ ಮೊದಲೂ ಈ ದೇಶದಲ್ಲಿ ಹೆಣ್ಣಿಗೆ ಹೊಡೆತ ಬೀಳುತ್ತಿತ್ತು. ಆದರೆ ಕೊಲೆಗೂ ಇದಕ್ಕೂ ಒಂದು ಭೇದವಿದೆ. ಕೊಲೆ ತಪ್ಪೆಂದು ಮನೆ, ಶಾಲೆ, ಗುಡಿ, ಪೊಲೀಸು ಎಲ್ಲರೂ ಹೇಳುತ್ತಾರೆ. ಹುಡುಗಿಯೊಡನೆ ಹೇಗೆ ಮಾತಾಡಬೇಕು, ಅವಳು ಬೇಡವೆಂದರೆ ಹೇಗೆ ತಲೆ ತಗ್ಗಿಸಿ ಹಿಂದೆ ಸರಿಯಬೇಕು ಎಂಬುದನ್ನು ನಮ್ಮ ಗಂಡುಮಕ್ಕಳಿಗೆ ಯಾರು ಹೇಳಿಕೊಟ್ಟಿದ್ದೇವೆ? ತಂದೆ ಹೇಳಲಿಲ್ಲ, ಮೇಷ್ಟ್ರಾದ ನಾನೂ ಹೇಳಲಿಲ್ಲ. ನಾವೆಲ್ಲ ಬಾಯಿ ಮುಚ್ಚಿಕೊಂಡ ಜಾಗದಲ್ಲಿ ಸಿನಿಮಾ ಒಂದೇ ಮೇಷ್ಟ್ರಾಗಿ ನಿಂತಿತು.

ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ 2015ರಲ್ಲಿ ಒಂದು ಮೊಕದ್ದಮೆ ನಡೆಯಿತು. ಅಲ್ಲಿ ಕಾವಲುಗಾರನ ಕೆಲಸದಲ್ಲಿದ್ದ ನಮ್ಮ ದೇಶದ ತರುಣನೊಬ್ಬ ಇಬ್ಬರು ಹೆಂಗಸರನ್ನು ಬೆನ್ನುಹತ್ತಿ ಪೀಡಿಸಿದ ತಪ್ಪನ್ನು ಒಪ್ಪಿಕೊಂಡ. ಅವನು ಹಿಂದಿ ಚಿತ್ರಗಳನ್ನು ನೋಡಿ, ಹಿಡಿದ ಪಟ್ಟು ಬಿಡದಿದ್ದರೆ ಹೆಣ್ಣು ಒಲಿಯುತ್ತಾಳೆಂದು ನಂಬಿದ್ದ ಎಂದು ಅವನ ವಕೀಲರೇ ನ್ಯಾಯಾಲಯದಲ್ಲಿ ವಾದಿಸಿದರು. ನನ್ನೆದುರು ಕೈಕಟ್ಟಿ ನಿಂತ ಹುಡುಗನ ಮಾತೇ ಅಲ್ಲಿ ವಕೀಲರ ಬಾಯಲ್ಲಿ ಬಂದದ್ದು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ. 2012ರ ಡಿಸೆಂಬರಿನ ದೆಹಲಿಯ ಘೋರ ಕೃತ್ಯದ ಮೇಲೆ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟಿತು. 2013ರಲ್ಲಿ ದಂಡಸಂಹಿತೆಗೆ ತಿದ್ದುಪಡಿಯಾಯಿತು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ಅಪರಾಧವಾಯಿತು. ಮೊಬೈಲು, ಅಂತರಜಾಲದ ಮೂಲಕ ಅವಳ ಮೇಲೆ ಕಣ್ಣಿಡುವುದೂ ಇದರಲ್ಲಿ ಸೇರಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೆಯ ಕಲಮು. ಮೊದಲ ಸಲ ಮೂರು ವರುಷದವರೆಗೆ, ಮತ್ತೆ ಮಾಡಿದರೆ ಐದು ವರುಷದವರೆಗೆ ಸೆರೆವಾಸ, ಜತೆಗೆ ಜುಲ್ಮಾನೆ. 2014ರಲ್ಲಿ ಈ ಕಾನೂನು ಇತ್ತು. ನನಗೆ ಗೊತ್ತಿರಲಿಲ್ಲ. ಚಿತ್ರಮಂದಿರದಲ್ಲಿ ಯಾವುದಕ್ಕೆ ಚಪ್ಪಾಳೆ ಬೀಳುತ್ತದೆಯೋ, ಅದಕ್ಕೆ ಬೀದಿಯಲ್ಲಿ ಕೈಕೋಳ ಬೀಳುತ್ತದೆ ಎಂದು ಆ ಹುಡುಗನಿಗೂ ಯಾರೂ ಹೇಳಲಿಲ್ಲ.

ತೆರೆಯ ಹಿಂದೆಯೂ ಒಂದು ಸಲ ಇಣುಕಿ ನೋಡೋಣ. 1913ರಲ್ಲಿ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ತೆಗೆದಾಗ ನಟಿಸಲು ಹೆಂಗಸರು ಸಿಗಲಿಲ್ಲ. ಖಾನಾವಳಿಯಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಗಂಡಸು ತಾರಾಮತಿಯ ವೇಷ ಹಾಕಿದರು. ಆ ಕಾಲ ಹೋಯಿತು, ಹೆಣ್ಣು ತೆರೆಯ ಮೇಲೆ ಬಂದಳು. ಆದರೆ ಮುಂಬಯಿಯ ಚಿತ್ರೋದ್ಯಮದ ಬಣ್ಣ ಹಚ್ಚುವ ಕೆಲಸಗಾರರ ಸಂಘ ದಶಕಗಳ ಕಾಲ ಹೆಂಗಸರಿಗೆ ಆ ಕೆಲಸದ ಗುರುತಿನ ಚೀಟಿಯನ್ನೇ ಕೊಡಲಿಲ್ಲ. ಹೆಂಗಸರು ಕೂದಲು ಬಾಚಬಹುದು, ಮುಖಕ್ಕೆ ಬಣ್ಣ ಹಚ್ಚಕೂಡದು. ಅದು ಗಂಡಸಿನ ಹೊಟ್ಟೆಪಾಡು ಎಂಬ ವಾದ. ಕಲಿತ ಹೆಣ್ಣುಮಗಳೊಬ್ಬಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಹೋರಾಡಿದಳು. 2014ರ ನವೆಂಬರಿನಲ್ಲಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು. ಬಂಧುಗಳೆ, ಹೀಗೆ ಬಾಗಿಲು ಹಾಕಿದ್ದು ಬಂಡವಾಳಗಾರರಲ್ಲ. ಅದು ಕೆಲಸಗಾರರ ಸಂಘ, ನಮ್ಮ ಹಾಗೆಯೇ ಚಂದಾ ಎತ್ತಿ, ಬಾವುಟ ಹಿಡಿದು ಕಟ್ಟಿದ ಸಂಘ. ಈ ಮಾತು ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಈ ಸಭೆಯಲ್ಲಿಯೇ ನೋಡಿ, ಹಿಂದಿನ ಎರಡು ಸಾಲು ಬಿಟ್ಟರೆ ಎಲ್ಲ ಗಂಡಸರೇ.

ಒಳ್ಳೆಯ ಚಿತ್ರ ಬಂದೇ ಇಲ್ಲ ಎಂದು ಹೇಳಿ ನಿಮ್ಮನ್ನು ನಿರಾಶೆಗೊಳಿಸಲಾರೆ. 2016ರ ‘ಪಿಂಕ್’ ಚಿತ್ರದಲ್ಲಿ ಮುದಿ ವಕೀಲನ ಪಾತ್ರ ಮಾಡಿದ ಅಮಿತಾಭ್ ಬಚ್ಚನ್, ಹೆಣ್ಣು ಬೇಡ ಎಂದರೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ ಎಂಬುದನ್ನು ನ್ಯಾಯಾಲಯದಲ್ಲಿ ನಿಂತು ವಾದಿಸುತ್ತಾರೆ. ‘ಕಬೀರ್ ಸಿಂಗ್’ ಬಂದ ಮರು ವರುಷವೇ, 2020ರಲ್ಲಿ, ಅನುಭವ್ ಸಿನ್ಹಾ ಅವರ ‘ಥಪ್ಪಡ್’ ಬಂತು. ಗಂಡ ನಾಲ್ಕು ಜನರ ಮುಂದೆ ಹೆಂಡತಿಗೆ ಒಂದೇ ಒಂದು ಏಟು ಹೊಡೆಯುತ್ತಾನೆ. ತಾಯಿ, ಅತ್ತೆ, ವಕೀಲರು ಎಲ್ಲರೂ “ಒಂದೇ ಏಟಲ್ಲವೆ?” ಎನ್ನುತ್ತಾರೆ. ಅವಳು ಮಾತ್ರ ಆ ಒಂದೇ ಏಟಿನ ಲೆಕ್ಕ ಕೇಳುತ್ತಾಳೆ. ಆ ಮನೆಯ ಕೆಲಸದ ಹೆಂಗಸು ದಿನವೂ ಗಂಡನಿಂದ ಪೆಟ್ಟು ತಿನ್ನುವವಳು. ಅವಳೂ ಕೊನೆಗೆ ತಿರುಗಿ ನಿಲ್ಲುತ್ತಾಳೆ. ಈ ಚಿತ್ರದ ಗಳಿಕೆ ‘ಕಬೀರ್ ಸಿಂಗ್’ ಗಳಿಕೆಯ ಹತ್ತಿರಕ್ಕೂ ಬರಲಿಲ್ಲ. ಕೆಲವೇ ದಿನಗಳಲ್ಲಿ ಕೊರೋನಾ ಬಂದು ಚಿತ್ರಮಂದಿರ ಮುಚ್ಚಿದವು ಎಂಬುದು ನಿಜ. ಆದರೆ ಅಷ್ಟು ಮಾತ್ರದಿಂದ ನಾವು ನುಣುಚಿಕೊಳ್ಳಬಾರದು. ಸಾಮಾನಿಗೆ ಗಿರಾಕಿ ಇದ್ದರೆ ಅಂಗಡಿಯಲ್ಲಿ ಅದೇ ಸಾಮಾನು ತುಂಬುತ್ತದೆ ಎಂಬುದನ್ನು ವ್ಯಾಪಾರಿಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕನ್ನಡದ ಚಿತ್ರಗಳು ಈ ರೋಗದಿಂದ ಮುಕ್ತ ಎಂದು ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಚಿತ್ರಮಂದಿರಕ್ಕೆ ಕಲ್ಲು ಹೊಡೆಯಿರಿ, ಪೋಸ್ಟರು ಹರಿಯಿರಿ ಎಂದು ನಾನು ಹೇಳುವುದಿಲ್ಲ. ಅದರಿಂದ ಚಿತ್ರಕ್ಕೆ ಪುಕ್ಕಟೆ ಪ್ರಚಾರ ಸಿಗುತ್ತದೆ, ಅಷ್ಟೆ. ಸಿನಿಮಾ ನೋಡಬೇಡಿ ಎಂದೂ ಹೇಳುವುದಿಲ್ಲ. ಹನ್ನೆರಡು ಗಂಟೆ ದುಡಿದವನಿಗೆ ಹಾಡು, ನಗು ಬೇಡವೆ? ಮನೆಯವರೊಂದಿಗೆ ನೋಡಿ. ನೋಡಿ ಬಂದ ಮೇಲೆ ಊಟದ ಹೊತ್ತಿನಲ್ಲಿ ಮಗನನ್ನು ಒಂದು ಪ್ರಶ್ನೆ ಕೇಳಿ: “ಆ ಹುಡುಗಿ ಬೇಡ ಎಂದಳಲ್ಲ, ಅವನು ಯಾಕೆ ನಿಲ್ಲಲಿಲ್ಲ?” ಇಷ್ಟು ಸಾಕು. ಮಗ ಸಂಕೋಚ ಪಡುತ್ತಾನೆ, ನೀವೂ ಪಡುತ್ತೀರಿ. ಪರವಾಗಿಲ್ಲ, ಕೇಳಿ.

ಚಹಾ ಅಂಗಡಿ, ಬೀಡಾ ಅಂಗಡಿಯ ಬಂಧುಗಳಿಗೆ ವಿಶೇಷವಾಗಿ ಒಂದು ಬಿನ್ನಹ. ಶಾಲೆ ಬಿಡುವ ಹೊತ್ತಿಗೆ, ಗಾರ್ಮೆಂಟ್ಸಿನ ಪಾಳಿ ಬಿಡುವ ಹೊತ್ತಿಗೆ ಹುಡುಗರು ನಿಲ್ಲುವುದು ನಿಮ್ಮ ಕಟ್ಟೆಯ ಮೇಲೆ. “ಇಲ್ಲಿ ನಿಂತು ಹೆಣ್ಣುಮಕ್ಕಳನ್ನು ಪೀಡಿಸಕೂಡದು” ಎಂದು ನೀವು ಒಂದು ಮಾತು ಹೇಳಿದರೆ ಪೊಲೀಸಿನವರ ಹತ್ತು ಮಾತಿಗೆ ಸಮ. ನಾಲ್ಕು ಚಹಾದ ವ್ಯಾಪಾರ ಹೋದೀತು. ಒಬ್ಬ ಹುಡುಗಿಯ ಓದು ಉಳಿದೀತು.

ತಂದೆತಾಯಿಗಳಿಗೆ ಹೇಳಬೇಕಾದದ್ದು ನನಗೇ ಹೇಳಿಕೊಳ್ಳಬೇಕಾದದ್ದೂ ಹೌದು. ನಿಮ್ಮ ಮಗಳು ಬಂದು ಒಬ್ಬ ಹಿಂದೆ ಬೀಳುತ್ತಿದ್ದಾನೆ ಎಂದರೆ, ಅವಳ ಚೀಲ ಕಸಿದು ಮೂಲೆಗೆ ಇಡಬೇಡಿ. ಹಾಗೆ ಮಾಡುತ್ತೇವೆಂಬ ಹೆದರಿಕೆಯಿಂದಲೇ ಎಷ್ಟೋ ಹುಡುಗಿಯರು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಅವಳು ಶಾಲೆಗೆ ಹೋಗಲಿ, ಕೆಲಸಕ್ಕೆ ಹೋಗಲಿ. ನಾವು ನಾಲ್ಕು ಜನ ಅವಳ ಜತೆ ಆ ದಾರಿಯಲ್ಲಿ ನಡೆಯೋಣ. ಆ ಹುಡುಗನ ಮನೆಗೆ ಹೋಗೋಣ. ಅದಕ್ಕೂ ಬಗ್ಗದಿದ್ದರೆ ಠಾಣೆಗೆ ಹೋಗೋಣ. ಮನೆಯಲ್ಲಿ ಕೂರಬೇಕಾದವರು ಯಾರು ಎಂಬುದನ್ನು ಮೊದಲು ಸರಿಯಾಗಿ ಗೊತ್ತುಮಾಡಿಕೊಳ್ಳೋಣ.

ನಮ್ಮ ಕಚೇರಿಯ ಮುಂದಿನ ಕೋಣೆ ಸಂಜೆ ಐದರಿಂದ ಎಂಟರವರೆಗೆ ತೆರೆದಿರುತ್ತದೆ. ದಾರಿಯಲ್ಲಿ ಪೀಡನೆಯಾದ ಹೆಣ್ಣುಮಕ್ಕಳೂ ಅವರ ಮನೆಯವರೂ ಅಲ್ಲಿ ಬಂದು ಹೇಳಿಕೊಳ್ಳಬಹುದು. ಸೋದರಿಯರಿಬ್ಬರು ಕುಳಿತು ಕೇಳಲು ಒಪ್ಪಿದ್ದಾರೆ. ಜತೆಗೆ ನಡೆದುಹೋಗಲು ಜನ ಬೇಕು. ಬೆಳಗಿನ ಪಾಳಿ ಮುಗಿಸಿ ಬರುವವರಲ್ಲಿ ಯಾರು ಯಾರು ಒಂದು ಗಂಟೆ ಕೊಡಬಲ್ಲಿರೋ ಅವರು ಹೊರಡುವ ಮುಂಚೆ ಹೆಸರು ಬರೆಸಿ ಹೋಗಬೇಕು. ಮೊದಲ ಹೆಸರು ನನ್ನದು, ಬರೆದಾಗಿದೆ.